ಕೊಡಗಿನಲ್ಲಿ ಇಸ್ಲಾಂ

ಏಳನೆಯ ಶತಮಾನದಲ್ಲಿ ಅರೇಬಿಯಾದ ಮಕ್ಕಾ ಮತ್ತು ಮದೀನಾ ನಗರಗಳಲ್ಲಿ ಪ್ರವಾದಿ ಮುಹಮ್ಮದರು ಬೋಧಿಸಿದ ಏಕದೇವನಿಷ್ಠ ಧರ್ಮ ಇಸ್ಲಾಂ. 2011ರ ಜನಗಣತಿಯಂತೆ ಕೊಡಗು ಜಿಲ್ಲೆಯ 5,54,519 ಜನರಲ್ಲಿ ಶೇ 16ಕ್ಕೆ ತುಸು ಕಡಿಮೆ ಮಂದಿ ಈ ಧರ್ಮದವರು. ಆದರೆ ಇವರು ಒಂದೇ ಜನಾಂಗದವರಲ್ಲ, ಒಂದೇ ನುಡಿಯವರೂ ಅಲ್ಲ. ಪಡುವಣ ಘಟ್ಟವನ್ನು ಹತ್ತಿ ಬಂದ ಮಲಯಾಳ ನುಡಿಯ ಮಾಪಿಳ್ಳೆಗಳು, ತುಳುನಾಡಿನಿಂದ ಸಂಪಾಜೆಯ ದಾರಿಯಾಗಿ ಬಂದ ಬ್ಯಾರಿಗಳು, ಮೈಸೂರು ಸೀಮೆಯ ಕಡೆಯಿಂದ ಬಂದ ಉರ್ದು ನುಡಿಯವರು, ಕೊಡವ ತಕ್ಕನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ಕೊಡವ ಮಾಪಿಳ್ಳೆಗಳು, ಹೀಗೆ ನಾಲ್ಕು ಮುಖ್ಯ ಸಮುದಾಯಗಳಿವೆ.

ಕೊಡಗಿನ ಮುಸ್ಲಿಮರ ಮಾತು ಬಂದೊಡನೆ ಟಿಪ್ಪು ಸುಲ್ತಾನನ ಹೆಸರು ಮುಂದೆ ನಿಲ್ಲುವುದು ವಾಡಿಕೆಯಾಗಿದೆ. ಹದಿನೆಂಟನೆಯ ಶತಮಾನದ ಕೊನೆಯ ಆ ಯುದ್ಧಗಳು ಇಲ್ಲಿ ಆಳವಾದ ಗಾಯ ಮಾಡಿದ್ದು ನಿಜ. ಆದರೆ ಇಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರ ಪೂರ್ವಿಕರು ಬಂದದ್ದು ಆ ಸೈನ್ಯದ ಜೊತೆಯಲ್ಲಿ ಅಲ್ಲ. ಉಪ್ಪು, ಒಣಮೀನು, ಏಲಕ್ಕಿ, ಕರಿಮೆಣಸಿನ ವ್ಯಾಪಾರ ಅವರನ್ನು ಕರೆತಂದಿತು. ಅವರ ಶಾಸ್ತ್ರ, ಸಂತರು, ಹಬ್ಬದ ದಿನ ಎಲ್ಲವೂ ಇಂದಿಗೂ ಕಡಲ ಕಡೆಗೇ ಮುಖ ಮಾಡಿವೆ. ಕೊಡಗಿನ ಇಸ್ಲಾಮನ್ನು ಅರಿಯಲು ಟಿಪ್ಪುವಿನ ಶ್ರೀರಂಗಪಟ್ಟಣಕ್ಕಿಂತ ಮೊದಲು ಕಣ್ಣೂರಿಗೆ, ಅಲ್ಲಿಂದ ಯೆಮನ್ ಹಾಗೂ ಮಕ್ಕಾಗಳಿಗೆ ಹೋಗಬೇಕಾಗುತ್ತದೆ.

ಉಗಮ

ಮಕ್ಕಾ ಬೆಳೆ ಬೆಳೆಯದ, ಕಲ್ಲುಬೆಟ್ಟಗಳ ನಡುವಿನ ಕಣಿವೆಯ ಊರು. ಝಮ್‌ಝಮ್ ಬಾವಿ, ಕಾಬಾ ಗುಡಿ, ಯೆಮನ್‌ನಿಂದ ಸಿರಿಯಾದತ್ತ ಸಾಗುವ ಒಂಟೆಗಳ ವ್ಯಾಪಾರ, ಇವೇ ಅದರ ಜೀವನಾಧಾರ. ಊರಿನ ಹಿಡಿತ ಕುರೈಷ್ ಎಂಬ ಕುಲದ ಕೈಯಲ್ಲಿತ್ತು. ಅರಬರ ನಾನಾ ಕುಲಗಳು ಪೂಜಿಸುವ ಮೂರ್ತಿಗಳು ಕಾಬಾದಲ್ಲಿದ್ದವು. ವರ್ಷಕ್ಕೊಮ್ಮೆ ಯಾತ್ರಿಕರು ನೆರೆಯುತ್ತಿದ್ದರು, ಜೊತೆಗೆ ಸಂತೆಯೂ ಸೇರುತ್ತಿತ್ತು. ಯೆಹೂದಿಗಳೂ ಕ್ರೈಸ್ತರೂ ಆ ನಾಡಿನಲ್ಲಿ ಅಲ್ಲಲ್ಲಿ ನೆಲೆಸಿದ್ದರಿಂದ ಒಬ್ಬನೇ ದೇವರೆಂಬ ಮಾತು ಅರಬರಿಗೆ ಹೊಸದಾಗಿರಲಿಲ್ಲ.

ಇದೇ ಕುಲದಲ್ಲಿ ಸುಮಾರು 570ರಲ್ಲಿ ಮುಹಮ್ಮದರು ಹುಟ್ಟಿದರು. ತಂದೆ ಅಬ್ದುಲ್ಲಾ ಮಗ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ತಾಯಿ ಆಮಿನಾ ಮಗನಿಗೆ ಆರು ವರ್ಷವಾದಾಗ ತೀರಿಹೋದರು. ಅಜ್ಜ ಅಬ್ದುಲ್ ಮುತ್ತಲಿಬ್, ಅನಂತರ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ವ್ಯಾಪಾರದಲ್ಲಿ ನಂಬಿಕಸ್ಥನೆಂದು ಹೆಸರು ಗಳಿಸಿದ ಯುವಕನನ್ನು ಖದೀಜಾ ಎಂಬ ಸಿರಿವಂತ ವಿಧವೆ ತನ್ನ ಸರಕು ಸಾಗಿಸಲು ನೇಮಿಸಿಕೊಂಡರು, ಮುಂದೆ ಮದುವೆಯಾದರು. ಮಕ್ಕಾದ ಹೊರಗಿನ ಹಿರಾ ಗುಹೆಯಲ್ಲಿ ಧ್ಯಾನಕ್ಕೆ ಕೂರುವುದು ಮುಹಮ್ಮದರ ರೂಢಿ. 610ರಲ್ಲಿ, ರಮಝಾನ್ ತಿಂಗಳ ಒಂದು ರಾತ್ರಿ, ಜಿಬ್ರೀಲ್ ದೇವದೂತರ ಮೂಲಕ ಅವರಿಗೆ ಮೊದಲ ದಿವ್ಯವಾಣಿ ದೊರೆಯಿತೆಂಬುದು ಮುಸ್ಲಿಮರ ನಂಬಿಕೆ. ಮೊದಲು ನಂಬಿದವರು ಖದೀಜಾ. ಅವರ ಹಿಂದೆ ಅಲಿ, ಝೈದ್, ಅಬೂಬಕರ್.

ದೇವರು ಒಬ್ಬನೇ, ಸತ್ತ ಮೇಲೆ ಲೆಕ್ಕ ಕೊಡಬೇಕು, ಅನಾಥರ ಮತ್ತು ಬಡವರ ಪಾಲನ್ನು ನುಂಗಬಾರದು ಎಂಬ ಬೋಧನೆ ಕುರೈಷರ ಹಿರಿಯರಿಗೆ ರುಚಿಸಲಿಲ್ಲ. ಅದು ಗುಡಿಯನ್ನೂ ಗಲ್ಲಾಪೆಟ್ಟಿಗೆಯನ್ನೂ ಒಟ್ಟಿಗೆ ಮುಟ್ಟಿತ್ತು. ಕಿರುಕುಳ ತಾಳಲಾರದೆ ಕೆಲವರು ಕಡಲು ದಾಟಿ ಅಬಿಸೀನಿಯಾದ ಕ್ರೈಸ್ತ ದೊರೆಯ ಆಶ್ರಯ ಪಡೆದರು. 619ರಲ್ಲಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಕೊಂಡ ಮೇಲೆ ಪ್ರವಾದಿಗೆ ಮಕ್ಕಾದಲ್ಲಿ ರಕ್ಷಣೆಯೇ ಇಲ್ಲದಾಯಿತು. 622ರಲ್ಲಿ ಅವರು ಯಸ್ರಿಬ್‌ಗೆ ವಲಸೆ ಹೋದರು. ಆ ಊರೇ ಮದೀನಾ, ಆ ವಲಸೆಯೇ ಹಿಜ್ರಾ. ಮುಸ್ಲಿಂ ಪಂಚಾಂಗದ ಎಣಿಕೆ ಅಲ್ಲಿಂದ ಮೊದಲಾಗುತ್ತದೆ.

ಮದೀನಾದಲ್ಲಿ ಅವರು ಧರ್ಮಗುರುವಷ್ಟೇ ಆಗಿ ಉಳಿಯಲಿಲ್ಲ. ಅಲ್ಲಿನ ಕುಲಗಳ ಜಗಳ ಬಗೆಹರಿಸುವ ನ್ಯಾಯಗಾರರೂ ಊರನ್ನು ಕಾಯುವ ನಾಯಕರೂ ಆದರು. ಮಕ್ಕಾದವರೊಡನೆ 624ರಲ್ಲಿ ಬದ್ರ್, 625ರಲ್ಲಿ ಉಹುದ್, 627ರಲ್ಲಿ ಕಂದಕ ಯುದ್ಧಗಳು ನಡೆದವು. 628ರಲ್ಲಿ ಹುದೈಬಿಯಾದಲ್ಲಿ ಒಪ್ಪಂದವಾಯಿತು. 630ರಲ್ಲಿ ಮಕ್ಕಾ ಹೆಚ್ಚಿನ ರಕ್ತಪಾತವಿಲ್ಲದೆ ವಶವಾಗಿ, ಕಾಬಾದ ಮೂರ್ತಿಗಳನ್ನು ತೆಗೆಸಲಾಯಿತು. ಎರಡು ವರ್ಷಗಳ ಅನಂತರ, 632ರಲ್ಲಿ, ಪ್ರವಾದಿ ಮದೀನಾದಲ್ಲಿ ತೀರಿಕೊಂಡರು. ಬದ್ರ್ ಹುತಾತ್ಮರ ಹೆಸರಿನಲ್ಲಿ ಮಾಪಿಳ್ಳೆಗಳು ಇಂದಿಗೂ ಮೌಲೂದ್ ಎಂಬ ಸ್ತುತಿಪಾಠ ಓದಿಸುತ್ತಾರೆ.

ಉತ್ತರಾಧಿಕಾರಿ ಯಾರೆಂಬ ಪ್ರಶ್ನೆ ಆಗಲೇ ಹುಟ್ಟಿಕೊಂಡಿತು. ಅಬೂಬಕರ್, ಉಮರ್, ಉಸ್ಮಾನ್, ಅಲಿ ಒಬ್ಬರಾದ ಮೇಲೊಬ್ಬರು 661ರವರೆಗೆ ಖಲೀಫರಾಗಿದ್ದರು. ಉಮರರ ಕಾಲದಲ್ಲಿ ಸಿರಿಯಾ, ಈಜಿಪ್ಟ್, ಇರಾಕ್ ಅರಬರ ಕೈಸೇರಿದವು. ಹಿಜ್ರಿ ಶಕೆಯನ್ನು ಜಾರಿಗೆ ತಂದವರೂ ಅವರೇ. ಬಾಯಿಪಾಠದಲ್ಲೂ ಬಿಡಿಬಿಡಿ ಬರಹಗಳಲ್ಲೂ ಇದ್ದ ಕುರ್‌ಆನಿನ 114 ಅಧ್ಯಾಯಗಳ ಅಧಿಕೃತ ಪ್ರತಿ ಉಸ್ಮಾನರ ಕಾಲದಲ್ಲಿ ಸಿದ್ಧವಾಯಿತು. ಖಿಲಾಫತ್ತು ಅಲಿಗೇ ಮೊದಲು ಸಲ್ಲಬೇಕಿತ್ತೆಂದವರು ಶಿಯಾಗಳಾದರು. 680ರಲ್ಲಿ ಪ್ರವಾದಿಯ ಮೊಮ್ಮಗ ಹುಸೈನ್ ಕರ್ಬಲಾದಲ್ಲಿ ಹತರಾದ ಮೇಲೆ ಆ ಒಡಕು ಕೂಡಲಿಲ್ಲ. ಹಳೇ ಮೈಸೂರಿನ ಊರುಗಳಲ್ಲಿ ಹಿಂದೂಗಳೂ ಸೇರಿ ಮಾಡುವ ಬಾಬಯ್ಯನ ಹಬ್ಬ ಆ ದುಃಖದ್ದೇ. ಕೊಡಗಿನ ಮುಸ್ಲಿಮರು ಬಹುತೇಕ ಸುನ್ನಿಗಳು. ಮಾಪಿಳ್ಳೆಗಳು ಮೊಹರಂ ಹತ್ತರಂದು ಉಪವಾಸವಿರುತ್ತಾರೆ, ಬಾಬಯ್ಯನ ಹಬ್ಬದಂತೆ ಪಂಜಾ ಕೂರಿಸುವುದಿಲ್ಲ.

ನಂಬಿಕೆ ಮತ್ತು ಆಚಾರ

ಅಲ್ಲಾಹನು ಒಬ್ಬನೇ, ದೇವದೂತರಿದ್ದಾರೆ, ಗ್ರಂಥಗಳು ಅವತರಿಸಿವೆ, ಆದಮರಿಂದ ಹಿಡಿದು ಇಬ್ರಾಹಿಂ, ಮೂಸಾ, ಈಸಾರವರೆಗೆ ಪ್ರವಾದಿಗಳು ಬಂದು ಮುಹಮ್ಮದರಲ್ಲಿ ಕೊನೆಗೊಂಡರು, ಅಂತ್ಯದಿನವಿದೆ, ಒಳಿತು ಕೆಡುಕು ಅವನ ವಿಧಿ: ಈ ಆರು ಮಾತುಗಳಲ್ಲಿ ವಿಶ್ವಾಸ. ಶಹಾದಾ ಎಂಬ ವಿಶ್ವಾಸದ ಸಾಕ್ಷ್ಯವಚನ, ಐದು ಹೊತ್ತಿನ ನಮಾಝ್, ಝಕಾತ್ ಎಂಬ ಕಡ್ಡಾಯ ದಾನ, ರಮಝಾನ್ ಉಪವಾಸ, ಮಕ್ಕಾ ಯಾತ್ರೆಯಾದ ಹಜ್ ಎಂಬ ಐದು ಕರ್ತವ್ಯಗಳು. ಕೊಡಗಿನ ಮಾಪಿಳ್ಳೆ ಮನೆಗಳಲ್ಲಿ ನಮಾಝಿಗೆ ನಿಸ್ಕಾರ, ಉಪವಾಸಕ್ಕೆ ನೋಂಬು, ಮಸೀದಿಗೆ ಪಳ್ಳಿ, ಹಬ್ಬಕ್ಕೆ ಪೆರುನ್ನಾಳ್ ಎನ್ನುತ್ತಾರೆ. ಮಕ್ಕಾ ಕೊಡಗಿಗೆ ಪಶ್ಚಿಮದಲ್ಲಿ, ತುಸು ಉತ್ತರಕ್ಕೆ ವಾಲಿದಂತಿರುವುದರಿಂದ ಇಲ್ಲಿನ ಮಸೀದಿಗಳಲ್ಲಿ ನಮಾಝಿಗೆ ಮುಖ ಮಾಡುವ ಕಿಬ್ಲಾ ಗೋಡೆ ಆ ದಿಕ್ಕಿಗಿದೆ.

ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂಬ ನಾಲ್ಕು ಶಾಸ್ತ್ರಪಂಥಗಳಿವೆ. ಕೊಡಗಿನಲ್ಲಿ ಎರಡನ್ನು ಕಾಣಬಹುದು. ಮಾಪಿಳ್ಳೆ, ಬ್ಯಾರಿ, ಕೊಡವ ಮಾಪಿಳ್ಳೆಗಳು ಇಮಾಂ ಶಾಫಿ (767–820) ಅವರ ಪಂಥದವರು. ಉರ್ದು ನುಡಿಯವರು ಇಮಾಂ ಅಬೂ ಹನೀಫಾ (699–767) ಅವರದು. ಭೂಪಟವನ್ನು ಕಂಡರೆ ಕಾರಣ ತಾನಾಗಿ ಹೊಳೆಯುತ್ತದೆ. ಯೆಮನ್ ಮತ್ತು ಕೆಂಪು ಸಮುದ್ರದ ದಡದ ಹಡಗಿನವರು ಶಾಫಿಗಳು. ಅವರು ಇಳಿದ ಕೊಂಕಣ, ತುಳುನಾಡು, ಮಲಬಾರಿನ ರೇವುಗಳೆಲ್ಲ ಶಾಫಿಯಾದವು. ಮಧ್ಯ ಏಷ್ಯಾದಿಂದ ನೆಲದ ಹಾದಿಯಲ್ಲಿ ದೆಹಲಿಗೂ ದಖ್ಖನ್ನಿಗೂ ಬಂದವರು ಹನಫಿಗಳು.

ಈ ಭೇದ ಪುಸ್ತಕದೊಳಗೇ ಉಳಿದಿಲ್ಲ. ಸಂಜೆಯ ಅಸರ್ ನಮಾಝಿನ ಹೊತ್ತು ಶಾಫಿಗಳಲ್ಲಿ ವಸ್ತುವಿನ ನೆರಳು ಅದರ ಉದ್ದದಷ್ಟಾದಾಗ ಶುರುವಾದರೆ, ಹನಫಿಗಳಲ್ಲಿ ನೆರಳು ಎರಡರಷ್ಟಾದಾಗ. ಆದ್ದರಿಂದ ಎರಡೂ ಪಂಥದ ಮಸೀದಿಗಳಿರುವ ಪೇಟೆಯಲ್ಲಿ ಅಸರ್ ಬಾಂಗು ಎರಡು ಹೊತ್ತಿಗೆ ಕೇಳಬಹುದು. ಬೆಳೆಗಾರರ ನಾಡಿಗೆ ಇನ್ನೂ ಹತ್ತಿರದ ಮಾತು ಬೆಳೆಯ ಝಕಾತಿನದು. ಹನಫಿ ಶಾಸ್ತ್ರದ ಮೂಲ ನಿಯಮದಂತೆ ನೆಲದಲ್ಲಿ ಬೆಳೆದ ಎಲ್ಲದಕ್ಕೂ ಪಾಲು ಕೊಡಬೇಕು: ಮಳೆಯ ಬೆಳೆಯಾದರೆ ಹತ್ತರಲ್ಲೊಂದು, ನೀರು ಹಾಯಿಸಿದ್ದಾದರೆ ಇಪ್ಪತ್ತರಲ್ಲೊಂದು. ಶಾಫಿಗಳಲ್ಲಿ ಈ ನಿಯಮ ಕೂಡಿಡಬಹುದಾದ ಮುಖ್ಯ ಆಹಾರಧಾನ್ಯಕ್ಕೂ ಖರ್ಜೂರ, ದ್ರಾಕ್ಷಿಗೂ ಮಾತ್ರ. ಅಂದರೆ ಬತ್ತಕ್ಕೆ ಪಾಲುಂಟು. ಕಾಫಿಗೂ ಕರಿಮೆಣಸಿಗೂ ಬೆಳೆಯೆಂಬ ಲೆಕ್ಕದಲ್ಲಿ ಇಲ್ಲ. ಅವನ್ನು ಮಾರಿದ ಹಣ ವರ್ಷ ತುಂಬಿ ಉಳಿದಿದ್ದರೆ ಶೇ 2.5ರ ಝಕಾತ್ ಬರುತ್ತದೆ. ಒಂದೇ ಬೇಲಿಯ ಆಚೆ ಈಚೆ ತೋಟವಿರುವ ಇಬ್ಬರು ಮುಸ್ಲಿಮರ ಧರ್ಮದ ಲೆಕ್ಕ ಹೀಗೆ ಬೇರೆಯಾಗಬಹುದು.

ಹಿಜ್ರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನದ್ದು, ಅಧಿಕಮಾಸವಿಲ್ಲ. ಹಾಗಾಗಿ ರಮಝಾನ್ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2013ರಲ್ಲಿ ಅದು ಕೊಡಗಿನ ಕಕ್ಕಡ ತಿಂಗಳ ಕಡುಮಳೆಗೆ ಬಿತ್ತು. ಸೂರ್ಯನೇ ಕಾಣದ ದಿನಗಳಲ್ಲಿ ನೋಂಬು ಬಿಡಲು ಗಡಿಯಾರವೇ ಗತಿ. ಚಂದ್ರದರ್ಶನದ ವಿಷಯದಲ್ಲಿ ಕೊಡಗಿನ ಮಾಪಿಳ್ಳೆಗಳು ಸಾಮಾನ್ಯವಾಗಿ ಕೇರಳದ ಖಾಝಿಗಳ ಮಾತನ್ನೇ ಒಪ್ಪುತ್ತಾರೆ. ಕೆಲವು ವರ್ಷ ರಾಜ್ಯದ ಉಳಿದೆಡೆಗಿಂತ ಒಂದು ದಿನ ಮೊದಲು ಕೊಡಗು ಮತ್ತು ಕರಾವಳಿಯಲ್ಲಿ ಹಬ್ಬವಾಗುವುದಕ್ಕೆ ಇದೇ ಕಾರಣ.

ಕರಾವಳಿಯಿಂದ ಘಟ್ಟಕ್ಕೆ

ಅರಬರಿಗೂ ಮಲಬಾರಿಗೂ ನಂಟು ಇಸ್ಲಾಮಿಗಿಂತ ಹಳೆಯದು. ನೈರುತ್ಯ ಮಾರುತದ ಬೆನ್ನುಹತ್ತಿ ಹಡಗು ಬರುತ್ತಿತ್ತು. ಗಾಳಿ ತಿರುಗುವ ತನಕ ಹಿಂದಿರುಗುವಂತಿರಲಿಲ್ಲ. ಕೊಡಗಿನ ಬೆಟ್ಟಗಳಿಗೆ ಮಳೆ ಸುರಿಸಿ ಕಾವೇರಿಯನ್ನು ತುಂಬಿಸುವ ಗಾಳಿಯೇ ಅದು. ತಿಂಗಳುಗಟ್ಟಲೆ ರೇವಿನಲ್ಲಿ ನಿಂತ ವ್ಯಾಪಾರಿಗಳು ಅಲ್ಲಿಯೇ ಮದುವೆಯಾದರು. ಮಕ್ಕಳು ತಾಯಿಯ ನುಡಿಯಲ್ಲಿ ಬೆಳೆದರು. ಮಾಪಿಳ್ಳೆ ಸಮುದಾಯದ ಬೇರು ಅಲ್ಲಿದೆ. ಸ್ಥಳೀಯರ ಮತಾಂತರದಿಂದ ಅದು ಹಬ್ಬಿತು.

ಚೇರಮಾನ್ ಪೆರುಮಾಳ್ ಎಂಬ ಅರಸ ಅರೇಬಿಯಾಕ್ಕೆ ಹೋಗಿ ಮುಸ್ಲಿಮನಾದ, ಅವನ ಪತ್ರ ಹಿಡಿದು ಮಾಲಿಕ್ ದೀನಾರ್ ಮತ್ತು ಸಂಗಡಿಗರು ಬಂದು ಮಸೀದಿಗಳನ್ನು ಕಟ್ಟಿದರು ಎಂಬ ಕಥೆ ಮಲಬಾರಿನಲ್ಲೂ ತುಳುನಾಡಿನಲ್ಲೂ ಮನೆಮಾತು. ಪೊನ್ನಾನಿಯ ವಿದ್ವಾಂಸ ಶೈಖ್ ಝೈನುದ್ದೀನ್ ಮಖ್ದೂಮರು ಹದಿನಾರನೆಯ ಶತಮಾನದ ಕೊನೆಯಲ್ಲಿ ಅರಬ್ಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಇದನ್ನು ಹೇಳುತ್ತದೆ. ಕೊಡುಂಗಲ್ಲೂರು, ಮಾಡಾಯಿ, ಶ್ರೀಕಂಠಪುರಂ, ಕಾಸರಗೋಡು, ಮಂಗಳೂರು, ಬಾರಕೂರು ಮೊದಲಾದ ಮಸೀದಿಗಳ ಪಟ್ಟಿಯನ್ನೂ ಕೊಡುತ್ತದೆ. ಆದರೆ ಮಖ್ದೂಮರೇ ಇದು ಪ್ರವಾದಿಯ ಕಾಲದಲ್ಲಿ ನಡೆದದ್ದೆಂಬ ನಂಬಿಕೆಯನ್ನು ಒಪ್ಪದೆ, ಹಿಜ್ರಿ 200ರ ಅನಂತರದ್ದಿರಬೇಕೆಂದು ಊಹಿಸಿದರು. ನಾನೂರು ವರ್ಷ ಹಿಂದಿನ ಧರ್ಮಪಂಡಿತರೊಬ್ಬರಿಗೆ ಇದ್ದ ಎಚ್ಚರ ಇಂದಿನ ಎಷ್ಟೋ ಕರಪತ್ರಗಳಲ್ಲಿ ಕಾಣುವುದಿಲ್ಲ. ಮಾಡಾಯಿ ಮಸೀದಿಯ ಅರಬ್ಬಿ ಶಾಸನ 1124ರದೆಂದು ಓದಲಾಗಿದೆ. 1340ರ ದಶಕದಲ್ಲಿ ಈ ದಡದಲ್ಲಿ ಓಡಾಡಿದ ಯಾತ್ರಿಕ ಇಬ್ನ್ ಬತೂತಾ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನೂ ಶಾಫಿ ಪಂಥದ ಒಬ್ಬ ಖಾಝಿಯನ್ನೂ ಕಂಡ.

ಆ ಪಟ್ಟಿಯ ಶ್ರೀಕಂಠಪುರಂ ಕೊಡಗಿನ ಚರಿತ್ರೆಗೆ ಮುಖ್ಯವಾದ ಊರು. ಕಣ್ಣೂರು ಜಿಲ್ಲೆಯ ಒಳನಾಡಿನಲ್ಲಿ, ಕೊಡಗಿನ ಬೆಟ್ಟಗಳ ಪಡುಬುಡದ ಕಡೆಗಿದೆ. ಅಲ್ಲಿಯವರೆಗೆ ಬಂದ ವ್ಯಾಪಾರಿಗೆ ಘಟ್ಟ ಹತ್ತುವುದು ದೂರದ ಮಾತಾಗಿರಲಿಲ್ಲ. ಕೊಡಗಿಗೆ ಉಪ್ಪು ಬೇಕು, ಒಣಮೀನು ಬೇಕು, ತೆಂಗಿನಕಾಯಿ ಬೇಕು. ಕೊಡಗಿನಲ್ಲಿ ಅಕ್ಕಿ, ಏಲಕ್ಕಿ, ಕರಿಮೆಣಸು, ಜೇನು ಇದ್ದವು. ಪೆರುಂಬಾಡಿ–ಮಾಕುಟ್ಟದ ಕಣಿವೆಯಲ್ಲಿ ಹೇರೆತ್ತುಗಳು ಏರಿ ಇಳಿಯುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮಾ ಕೋಳಿಕ್ಕೋಡಿಗೆ ಬಂದ ಮೇಲೆ, 1505ರಲ್ಲಿ ಕಣ್ಣೂರಿನಲ್ಲಿ ಪೋರ್ಚುಗೀಸರ ಕೋಟೆ ಎದ್ದ ಮೇಲೆ, ಮಾಪಿಳ್ಳೆಗಳ ಕಡಲ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಹಡಗು ಕಳೆದುಕೊಂಡವರಲ್ಲಿ ಅನೇಕರು ಒಳನಾಡಿನ ವ್ಯಾಪಾರಕ್ಕೂ ಬೇಸಾಯಕ್ಕೂ ತಿರುಗಿದರು. ಕಣ್ಣೂರಿನ ಅರಕ್ಕಲ್ ಮನೆತನದಂಥ ಮುಸ್ಲಿಂ ಅರಸರ ಬೆಂಬಲ ಕರಾವಳಿಯಲ್ಲಿ ಅವರಿಗಿತ್ತು. ಘಟ್ಟದ ಮೇಲೆ ಅವರು ಕೊಡಗನ್ನಾಳಿದ ಹಾಲೇರಿ ಮನೆತನದ ಲಿಂಗಾಯತ ಅರಸರ ಪ್ರಜೆಗಳಾಗಿ ಬದುಕಿದರು.

ಕಾಫಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಬಾಬಾ ಬುಡನ್ ಯೆಮನ್‌ನಿಂದ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಎಲ್ಲರಿಗೂ ಗೊತ್ತು. ಕೊಡಗಿಗೆ ಅದು ಬೇರೆ ದಾರಿಯಲ್ಲಿ ಬಂದಂತಿದೆ. ಬಾಸೆಲ್ ಮಿಷನ್ನಿನ ರೆವರೆಂಡ್ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯ ಪ್ರಕಾರ, ರಾಜರ ಕಾಲದಲ್ಲಿ ನಾಲ್ಕುನಾಡಿನ ಬಳಿ ಭೂಮಿ ಪಡೆದಿದ್ದ ಮಾಪಿಳ್ಳೆಗಳು ಅಲ್ಲಿ ಕಾಫಿ ಗಿಡ ಬೆಳೆಸಿದ್ದರು. ಮಡಿಕೇರಿಯಲ್ಲಿ ಫೌಲರ್ ಎಂಬ ಆಂಗ್ಲ ಮೊದಲ ಯುರೋಪಿಯನ್ ತೋಟ ತೆರೆದದ್ದು 1854ರಲ್ಲಿ. ಕೊಡಗಿನ ಕಾಫಿಯನ್ನು ಬ್ರಿಟಿಷರ ಕೊಡುಗೆ ಎಂದು ಬರೆಯುವವರು ಮಾಪಿಳ್ಳೆಯ ಹಿತ್ತಲನ್ನು ಮರೆತಿರುತ್ತಾರೆ. ನಾಲ್ಕುನಾಡು ಅರಮನೆಗೆ ಹತ್ತಿರದ ಕಕ್ಕಬೆ, ಕುಂಜಿಲಗಳಲ್ಲಿ ಇಂದಿಗೂ ಮುಸ್ಲಿಂ ಕುಟುಂಬಗಳು ಗಣನೀಯವಾಗಿವೆ.

ಎಮ್ಮೆಮಾಡು

ನಾಪೋಕ್ಲು ಸಮೀಪದ ಎಮ್ಮೆಮಾಡು ಕೊಡಗಿನ ಮುಸ್ಲಿಮರ ಅತ್ಯಂತ ಪ್ರಸಿದ್ಧ ಯಾತ್ರಾಸ್ಥಳ. ಸೂಫಿ ಶಹೀದ್ ಹಾಗೂ ಸಯ್ಯದ್ ಹಸನ್ ಸಖಾಫ್ ಅಲ್ ಹಳ್ರಮಿ ಅವರ ಸಮಾಧಿಗಳು ಇಲ್ಲಿವೆ. ಎರಡನೆಯ ಹೆಸರಿನಲ್ಲಿ ಇಡೀ ಒಂದು ಚರಿತ್ರೆಯಿದೆ. ಹಳ್ರಮೌತ್ ದಕ್ಷಿಣ ಯೆಮನ್‌ನ ಕಣಿವೆ. ಪ್ರವಾದಿಯ ವಂಶದವರೆಂದು ಗೌರವ ಪಡೆದ ಅಲ್ಲಿನ ಸಯ್ಯದ್ ಮನೆತನಗಳು ಮಲಬಾರ್, ಪೂರ್ವ ಆಫ್ರಿಕಾ, ಇಂಡೋನೇಷ್ಯಾಗಳಲ್ಲಿ ಹರಡಿ ಶಾಫಿ ಶಾಸ್ತ್ರವನ್ನೂ ಸೂಫಿ ಮಾರ್ಗವನ್ನೂ ಜೊತೆಗೇ ಒಯ್ದವು. ಮಲಬಾರಿನಲ್ಲಿ ಅವರು ತಂಙಳರು. ಕಾವೇರಿ ಹುಟ್ಟುವ ನಾಡಿನ ಒಂದು ಹಳ್ಳಿಗೂ ಯೆಮನ್‌ನ ಆ ಕಣಿವೆಗೂ ಹೀಗೆ ನೇರ ನಂಟು ಬಿದ್ದಿದೆ.

ವರ್ಷಕ್ಕೊಮ್ಮೆ ನಡೆಯುವ ಉರೂಸಿಗೆ ಕೊಡಗಿನವರಲ್ಲದೆ ಕೇರಳ, ದಕ್ಷಿಣ ಕನ್ನಡದವರೂ ಬರುತ್ತಾರೆ. ಹರಕೆ ಹೊತ್ತ ಹಿಂದೂಗಳೂ ಬರುತ್ತಾರೆ. ಧಾರ್ಮಿಕ ಪ್ರವಚನ, ದಫ್ ಬಡಿತ, ನೇರ್ಚೆ ಎಂಬ ಹರಕೆಯ ಅನ್ನದಾನ ಸೇರಿ ದಿನಗಟ್ಟಲೆಯ ಜಾತ್ರೆ ಅದು. ಸಮಾಧಿಯಲ್ಲಿ ಬೇಡಿಕೊಳ್ಳುವುದು ಏಕದೇವನಿಷ್ಠೆಗೆ ಸಲ್ಲದೆನ್ನುವ ಸುಧಾರಕರು ಮುಸ್ಲಿಮರಲ್ಲೇ ಇದ್ದಾರೆ. ಸಂತರ ಮಧ್ಯಸ್ಥಿಕೆ ಶಾಸ್ತ್ರಸಮ್ಮತವೇ ಎಂದು ಸಾಂಪ್ರದಾಯಿಕ ಸುನ್ನಿ ಉಸ್ತಾದರು ವಾದಿಸುತ್ತಾರೆ. ಕೊಡಗಿನ ಮಾಪಿಳ್ಳೆಗಳಲ್ಲಿ ಎರಡನೆಯ ಮಾತಿಗೇ ಬಲ ಹೆಚ್ಚು.

1780ರ ದಶಕ ಮತ್ತು ಕೊಡವ ಮಾಪಿಳ್ಳೆಗಳು

ಹಾಲೇರಿ ಮನೆತನದ ಉತ್ತರಾಧಿಕಾರದ ಜಗಳದಲ್ಲಿ ಕೈಹಾಕಿ 1773ರಲ್ಲಿ ಮೈಸೂರಿನ ಹೈದರಾಲಿ ಕೊಡಗನ್ನು ತನ್ನ ಹಿಡಿತಕ್ಕೆ ತಂದ. 1780ರಲ್ಲಿ ಅರಸ ಲಿಂಗರಾಜ ತೀರಿಕೊಂಡಾಗ ಅವನ ಎಳೆಯ ಮಕ್ಕಳನ್ನು ಹೈದರ್ ಕೊಡಗಿನ ಹೊರಗೆ ಸೆರೆಯಲ್ಲಿಟ್ಟದ್ದು ದಂಗೆಗೆ ಕಾರಣವಾಯಿತು. ತಂದೆ ಹೈದರನ ಅನಂತರ ಪಟ್ಟಕ್ಕೆ ಬಂದ ಟಿಪ್ಪು ಮತ್ತೆ ಮತ್ತೆ ಏಳುತ್ತಿದ್ದ ಕೊಡವರನ್ನು ಹತ್ತಿಕ್ಕಲು ದಂಡೆತ್ತಿ ಬಂದ. 1785ರ ಹೊತ್ತಿಗೆ ದೊಡ್ಡ ಸಂಖ್ಯೆಯ ಕೊಡವರನ್ನು, ಹೆಂಗಸರು ಮಕ್ಕಳ ಸಮೇತ, ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದು ಮತಾಂತರಿಸಲಾಯಿತು. ಭಾಗಮಂಡಲ ಸಮೀಪದ ದೇವಟ್ಟಿಪರಂಬು ಕೊಡವರ ನೆನಪಿನಲ್ಲಿ ಆ ಕಾಲದ ಹತ್ಯೆಯ ನೆಲ. ಮಡಿಕೇರಿಗೆ ಜಫರಾಬಾದ್ ಎಂದು ಹೆಸರಿಡಲಾಯಿತು. ಹಾಲೇರಿ ಅರಸ ಮುದ್ದುರಾಜ ಕಟ್ಟಿಸಿದ್ದ ಮಣ್ಣಿನ ಕೋಟೆ ಕಲ್ಲಿನದಾಯಿತು.

ಸೆರೆ ಹೋದವರ ಸಂಖ್ಯೆ ಎಷ್ಟು? ಟಿಪ್ಪುವಿನ ಕಡೆಯ ಬರಹಗಳೂ ಬ್ರಿಟಿಷರ ಚರಿತ್ರೆಗಳೂ ನಲವತ್ತು ಸಾವಿರದಿಂದ ಎಪ್ಪತ್ತು ಸಾವಿರ, ಅದಕ್ಕೂ ಮೇಲೆ ಹೇಳುತ್ತವೆ. 1871ರ ಜನಗಣತಿಯಲ್ಲಿ ಕೊಡವರ ಸಂಖ್ಯೆ 26 ಸಾವಿರದ ಆಸುಪಾಸು ಇತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗೆದ್ದವನು ಬಿರುದಿಗಾಗಿ, ಅವನ ವೈರಿ ದೂರಿಗಾಗಿ ಅಂಕಿ ಏರಿಸುವುದು ಆ ಕಾಲದ ಪದ್ಧತಿ. ಸಂಖ್ಯೆ ತಗ್ಗಿದರೂ ನಡೆದದ್ದರ ಕ್ರೌರ್ಯ ತಗ್ಗುವುದಿಲ್ಲ. ಹಾಗೆಂದು ಅದನ್ನು ಕೊಡಗಿನ ಎಲ್ಲ ಮುಸ್ಲಿಮರ ಆದಿಯೆಂದು ಹೇಳುವುದು ಚರಿತ್ರೆಯಾಗುವುದಿಲ್ಲ.

1788ರ ಕೊನೆಯಲ್ಲಿ ಲಿಂಗರಾಜನ ಮಗ ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಹೋರಾಟ ಕಟ್ಟಿದ. 1790ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ ಶ್ರೀರಂಗಪಟ್ಟಣದಿಂದ ಸಾವಿರಾರು ಸೆರೆಯಾಳುಗಳು ಕೊಡಗಿಗೆ ಮರಳಿದರು. ಮರಳಿದವರಲ್ಲಿ ಹೆಚ್ಚಿನವರು ಹಳೆಯ ಆಚಾರಕ್ಕೆ ಹಿಂದಿರುಗಿದರು. ಮತ್ತೆ ಕೆಲವರು ಮುಸ್ಲಿಮರಾಗಿಯೇ ಉಳಿದರು. ಇಂಥವರನ್ನು ದೊಡ್ಡ ವೀರರಾಜೇಂದ್ರ ನಾಡಿನಿಂದ ಹೊರಗಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಅವನ ಆಸ್ಥಾನ ಬರೆಸಿದ ‘ರಾಜೇಂದ್ರನಾಮೆ’ ಟಿಪ್ಪುವಿನ ಮೇಲೆ ಕಿಡಿಕಾರುವ ಕೃತಿ. ಅಂಥವನ ಆಳ್ವಿಕೆಯಲ್ಲೇ ಈ ಕುಟುಂಬಗಳು ನೆಲ ಹಿಡಿದು ಬಾಳಿದವು.

ಇವರೇ ಕೊಡವ ಮಾಪಿಳ್ಳೆಗಳು. ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಒಡೆತನದಿಂದಾಗಿ ಜಮ್ಮಾ ಮಾಪಿಳ್ಳೆಗಳೆಂದೂ ಹೆಸರು. ವಿರಾಜಪೇಟೆ ಕಡೆಯ ಆಲೀರ, ಚಿಮ್ಮಿಚೀರ, ದುದ್ದಿಯಂಡ, ಕದ್ದಡಿಯಂಡ, ಕೋಳುಮಂಡ, ಪುಳಿಯಂಡ, ಕುವಲೇರ, ಮಡಿಕೇರಿ ಕಡೆಯ ಕಾಲೇರ, ಚೆಕ್ಕೇರ, ಮಣಿಯಂಡ ಮೊದಲಾದ ಒಕ್ಕದ, ಅಂದರೆ ಮನೆತನದ, ಹೆಸರುಗಳನ್ನು ಅವರು ಬಿಟ್ಟಿಲ್ಲ. ಒಕ್ಕದ ಹೆಸರು ಮೊದಲು, ಅರಬ್ಬಿ ಮೂಲದ ಹೆಸರು ಆಮೇಲೆ: ಇದೇ ಅವರ ಕ್ರಮ. ಮನೆಯಲ್ಲಿ ಕೊಡವ ತಕ್ಕ್, ಪಳ್ಳಿಯಲ್ಲಿ ಮಲಯಾಳ ಮಿಶ್ರಿತ ಅರಬ್ಬಿ, ಶಾಲೆಯಲ್ಲಿ ಕನ್ನಡ. ಸೆರೆ ಒಯ್ದ ಸುಲ್ತಾನ ಹನಫಿ ಸೀಮೆಯವನಾದರೂ ಇವರು ಶಾಫಿ ಶಾಸ್ತ್ರ ಹಿಡಿದದ್ದು ನೆರೆಯ ಮಾಪಿಳ್ಳೆಗಳ ಒಡನಾಟದಿಂದ ಇರಬೇಕು. ಮದುವೆಯ ಸಂಬಂಧಗಳೂ ಮಾಪಿಳ್ಳೆ ಮತ್ತು ಬ್ಯಾರಿಗಳ ಜೊತೆಯೇ. ಇಲ್ಲಿಯೂ ಗೆದ್ದದ್ದು ಘಟ್ಟದ ದಾರಿ.

ಉರ್ದು ನುಡಿಯ ಮುಸ್ಲಿಮರು ಕುಶಾಲನಗರ, ಸೋಮವಾರಪೇಟೆ, ಶನಿವಾರಸಂತೆಯಂಥ ಮೂಡಣ ಪೇಟೆಗಳಲ್ಲಿ ಹೆಚ್ಚು ಕಾಣಸಿಗುತ್ತಾರೆ. ಟಿಪ್ಪು ಹುಟ್ಟಿದ ಸುದ್ದಿ ಕೇಳಿ ಹೈದರ್ ಖುಷಿಪಟ್ಟದ್ದರಿಂದ ಕುಶಾಲನಗರಕ್ಕೆ ಆ ಹೆಸರು ಬಂತೆಂದು ಪ್ರವಾಸಿ ಕೈಪಿಡಿಗಳಲ್ಲಿ ಬರೆದಿರುತ್ತಾರೆ. ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ; ಆಗ ಹೈದರನಿಗೂ ಕೊಡಗಿಗೂ ಸಂಬಂಧವೇ ಇರಲಿಲ್ಲ.

ಯುದ್ಧದ ಹಗೆ ಕಲೆಗೆ ಅಂಟಲಿಲ್ಲ ಎನ್ನುವುದಕ್ಕೆ ಮಡಿಕೇರಿಯಲ್ಲಿ ಎರಡು ಕಟ್ಟಡಗಳು ಸಾಕು. ದೊಡ್ಡ ವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು. ಟಿಪ್ಪುವಿನ ಕಡು ವೈರಿ ದೊಡ್ಡ ವೀರರಾಜೇಂದ್ರನ ಗದ್ದಿಗೆಯೂ ಗುಮ್ಮಟ ಮಿನಾರುಗಳದ್ದೇ, ಒಳಗೆ ಲಿಂಗಾಯತ ಸಂಪ್ರದಾಯದ ಪೂಜೆ.

ಬ್ರಿಟಿಷರ ಕಾಲದಿಂದ ಈಚೆಗೆ

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ತೋಟಗಳು ಹೆಚ್ಚಿದಂತೆ ಮರ ಕಡಿಯುವವರು, ಗಾಡಿ ಹೊಡೆಯುವವರು, ಪಡಿ ಅಂಗಡಿಯವರು, ಕಾಫಿ ಮೆಣಸು ಕೊಳ್ಳುವವರು ಬೇಕಾದರು. ಮಲಬಾರಿನಿಂದ ಮಾಪಿಳ್ಳೆಗಳ ವಲಸೆ ಮೊದಲಿಗಿಂತ ಜೋರಾಯಿತು. ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪ, ನಾಪೋಕ್ಲುಗಳ ಪೇಟೆಬೀದಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಪ್ರತಿ ಊರಿನ ಮಸೀದಿಯ ಸುತ್ತ ಜಮಾಅತ್ ಎಂಬ ಆಡಳಿತ. ಮದುವೆ, ಮರಣ, ಮದರಸ, ಖಬರಸ್ತಾನ ಎಲ್ಲ ಅದರ ಲೆಕ್ಕದಲ್ಲಿ. ಮದರಸಗಳಲ್ಲಿ ಮಲಯಾಳವನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಅರಬಿ-ಮಲಯಾಳದ ಪಾಠ ಬಹುಕಾಲ ನಡೆಯಿತು. ಈಚೆಗೆ ಕನ್ನಡದ ಪಠ್ಯಗಳೂ ಬಂದಿವೆ. 1926ರಲ್ಲಿ ಸ್ಥಾಪನೆಯಾದ ಸಮಸ್ತ ಕೇರಳ ಜಂಇಯ್ಯತುಲ್ ಉಲಮಾ ಇಲ್ಲಿನ ಧಾರ್ಮಿಕ ಶಿಕ್ಷಣವನ್ನು ರೂಪಿಸಿದ ಸಂಸ್ಥೆ. 1989ರಲ್ಲಿ ಅದು ಇಬ್ಭಾಗವಾದಾಗ ಕೊಡಗಿನ ಜಮಾಅತುಗಳಲ್ಲೂ ಎರಡು ಬಣಗಳಾದವು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಈ ಮನೆಗಳಿಗೆ ಆಡಳಿತದ ಮತ್ತು ಓದಿನ ನುಡಿಯಾಯಿತು. ಸುಂಟಿಕೊಪ್ಪದ ಅಬ್ದುಲ್ ರಶೀದ್ ಅವರ ಕಥೆ, ಕವಿತೆ, ‘ಹೂವಿನಕೊಲ್ಲಿ’ ಕಾದಂಬರಿಗಳಲ್ಲಿ ಕಾಫಿ ತೋಟದ ಲೈನುಮನೆಗಳೂ ಮಲೆನಾಡಿನ ಮುಸ್ಲಿಂ ಬದುಕೂ ಕನ್ನಡಕ್ಕೆ ಬಂದವು.

ಹಳೆಯ ಗಾಯ ಮತ್ತೆ ಬಾಯಿ ತೆರೆದದ್ದು ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಿಸತೊಡಗಿದಾಗ. 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಪ್ರತಿಭಟನೆ ಘರ್ಷಣೆಗೆ ತಿರುಗಿ ಸಾವು ಸಂಭವಿಸಿತು. 2019ರಲ್ಲಿ ಸರ್ಕಾರ ಆ ಆಚರಣೆಯನ್ನು ಕೈಬಿಟ್ಟಿತು. ಜಯಂತಿಯ ಪರ ವಿರೋಧದ ಕೂಗಾಟದಲ್ಲಿ ಇಬ್ಬರೂ ಒಂದೇ ತಪ್ಪು ಮಾಡಿದರು: ಕೊಡಗಿನ ಮುಸ್ಲಿಮನನ್ನು ಟಿಪ್ಪುವಿನ ವಾರಸುದಾರನೆಂದು ಎಣಿಸಿದರು. ಘಟ್ಟದ ದಾರಿಯಲ್ಲಿ ಮೆಣಸು ಹೊತ್ತವನ ಮೊಮ್ಮಗನಿಗೆ ಆ ವಾರಸುದಾರಿಕೆ ಎಲ್ಲಿಂದ ಬರಬೇಕು?

ಈ ಚರಿತ್ರೆಯ ಆಕರಗಳನ್ನು ಕೂಡಿಡುವ ಕೆಲಸ ಇನ್ನೂ ಬಾಕಿಯಿದೆ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವಾಗಿ ತಂದರು, ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡು ಪದ್ಧತಿಗಳನ್ನು ಕೂಡಿಟ್ಟರು. ಹಳೆಯ ಪಳ್ಳಿಗಳ ಮೀಝಾನ್ ಕಲ್ಲುಗಳು ಎಂಬ ಗೋರಿಗಲ್ಲುಗಳು, ಜಮಾಅತಿನ ಮದುವೆ ಪುಸ್ತಕಗಳು, ಜಮ್ಮಾ ಸನ್ನದುಗಳು, ಎಮ್ಮೆಮಾಡಿನ ಮುದುಕರ ಬಾಯಲ್ಲಿರುವ ಕಥೆಗಳು ಅಂಥದೇ ಕೈಗಳಿಗೆ ಕಾದಿವೆ. ಮಸೀದಿ ಹೊಸದಾಗಿ ಕಟ್ಟುವಾಗ ಹಳೆಯ ಕಲ್ಲನ್ನು ಅಡಿಪಾಯಕ್ಕೆ ಹಾಕುವ ಮುನ್ನ ಅದರ ಒಂದು ಪಟವನ್ನಾದರೂ ತೆಗೆದಿಡಿ ಎಂದು ಆಯಾ ಜಮಾಅತುಗಳನ್ನು ಕೇಳಿಕೊಳ್ಳಬೇಕಾಗಿದೆ.